ಭೂರ್ಜಪತ್ರ ಬರುವ ಬೆಟ್ಟ

ಬೆಂಗಳೂರಿನ ಚಿಕ್ಕಪೇಟೆ ಆಸುಪಾಸಿನ ಗ್ರಂಧಿಗೆ ಅಂಗಡಿಗಳಲ್ಲಿ ಕೇಳಿದರೆ ಭೂರ್ಜಪತ್ರ, ಅಂದರೆ ಭೂರ್ಜ ಮರದ ತೊಗಟೆ, ಇಂದಿಗೂ ಸಿಗುತ್ತದೆ. ಅಂಗೈ ಅಗಲದ ತುಂಡು, ನಸುಗೆಂಪು ಬಣ್ಣ, ಈರುಳ್ಳಿಯಂತೆ ಪದರ ಪದರವಾಗಿ ಬಿಡಿಸಿಕೊಳ್ಳುವ ಗುಣ. ಯಂತ್ರ ಬರೆದು ತಾಯಿತದೊಳಗೆ ಮಡಿಸಿಡುವವರು ಕೊಳ್ಳುತ್ತಾರೆ. ನಾನು ಕೊಂಡದ್ದು ಸುಮ್ಮನೆ ಮೇಜಿನ ಮೇಲಿಟ್ಟುಕೊಂಡು ನೋಡುವುದಕ್ಕೆ. ಎಲ್ಲಿಯದು ಎಂದು ಕೇಳಿದ್ದಕ್ಕೆ ಅಂಗಡಿಯವರು ಅಳಲೆಕಾಯಿ ತೂಗುವುದನ್ನು ಬಿಡದೆ, ‘ಹಿಮಾಲಯದಿಂದ ಬರುತ್ತದೆ ಸ್ವಾಮಿ’ ಎಂದರು.

ಭೂರ್ಜ ಬೆಳೆಯುವುದು ಸುಮಾರು 3,000 ಮೀಟರಿನಿಂದ 4,000 ಮೀಟರಿನವರೆಗೆ, ಕೆಲವೆಡೆ ಅದಕ್ಕೂ ಮೇಲೆ. ಹಿಮಾಲಯದಲ್ಲಿ ಹಲವು ಕಡೆ ಕಾಡು ಮುಗಿಯುವುದೇ ಈ ಮರದಲ್ಲಿ. ಅದರಾಚೆಗೆ ಪೊದೆ, ಹುಲ್ಲು, ಬಂಡೆ, ಆಮೇಲೆ ಮಂಜು. ಗಂಗೋತ್ರಿಯಿಂದ ಗೋಮುಖಕ್ಕೆ ನಡೆಯುವ ದಾರಿಯಲ್ಲಿ ಭೋಜ್‌ಬಾಸಾ ಎಂಬ ತಂಗುದಾಣವಿದೆ. ಭೂರ್ಜಗಳ ವಾಸಸ್ಥಾನ ಎಂದು ಅದರ ಅರ್ಥ. ಹೆಸರಿಗೆ ತಕ್ಕ ಕಾಡು ಈಗ ಅಲ್ಲಿಲ್ಲ. ಯಾತ್ರಿಕರ ಚಹಾದ ಒಲೆಗೆ, ಗುಡಿಸಲಿಗೆ, ಬೆಂಕಿ ಕಾಯಿಸುವುದಕ್ಕೆ ಕಡಿದು ಮುಗಿಸಿದರು. ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಅಲ್ಲಿ ಮತ್ತೆ ಭೂರ್ಜದ ಸಸಿ ನೆಡುವ ಕೆಲಸಕ್ಕೆ ಕೈಹಾಕಿದ್ದು 1990ರ ದಶಕದಲ್ಲಿ. ಆ ಕಾಡು ಹೋದದ್ದಕ್ಕೆ ಹವಾಮಾನ ಬದಲಾವಣೆಯನ್ನು ದೂರುವಂತಿಲ್ಲ, ಅದು ಕೊಡಲಿಯ ಕೆಲಸ. ಬೆಟ್ಟದ ಕಥೆ ಹೇಳುವಾಗ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುವವರು ಹೆಚ್ಚಾಗಿರುವುದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.

ಭೋಜ್‌ಬಾಸಾದಿಂದ ನಾಲ್ಕೈದು ಕಿಲೋಮೀಟರ್ ಮುಂದೆ ಹೋದರೆ ಗೋಮುಖ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿ ಅಲ್ಲಿ ಕೊನೆಗೊಂಡು ಭಾಗೀರಥಿಯಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ.ಬಿ. ಆಡೆನ್ 1935ರಲ್ಲಿ ಹಿಮನದಿಯ ಈ ಕೊನೆಯಂಚನ್ನು, ಅಂದರೆ ಮುಖವನ್ನು, ಅಳೆದು ನಕ್ಷೆ ಬರೆದರು. 1996ರ ಹೊತ್ತಿಗೆ ಅದು ಸುಮಾರು 1,150 ಮೀಟರ್ ಹಿಂದೆ ಸರಿದಿತ್ತು, ಅಂದರೆ ವರ್ಷಕ್ಕೆ 19 ಮೀಟರ್. ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ಆನಂದರಾವ್ ವೃತ್ತದವರೆಗಿನ ದೂರ ಎಂದುಕೊಳ್ಳಬಹುದು.

ಬೆಟ್ಟ ಬೆಚ್ಚಗಾಗುವುದರ ಹಿಂದಿನ ವಿಜ್ಞಾನ ಇದಕ್ಕಿಂತ ಹಳೆಯದು. ಅಮೆರಿಕದ ಯೂನಿಸ್ ಫೂಟ್ 1856ರಲ್ಲಿ ಗಾಜಿನ ಕೊಳವೆಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಬಿಸಿಲಿಗಿಟ್ಟು ಅದು ಹೆಚ್ಚು ಕಾಯುವುದನ್ನು ಕಂಡರು. 1859ರಲ್ಲಿ ಜಾನ್ ಟಿಂಡಾಲ್ ಅದು ಶಾಖವನ್ನು ಹೇಗೆ ಹೀರಿಕೊಳ್ಳುತ್ತದೆ ಎಂದು ಪ್ರಯೋಗಾಲಯದಲ್ಲಿ ತೋರಿಸಿದರು. ಈ ಟಿಂಡಾಲ್‌ಗೆ ಆಲ್ಪ್ಸ್ ಹಿಮನದಿಗಳ ಹುಚ್ಚು. ಬೇಸಿಗೆ ಬಂತೆಂದರೆ ಅಳತೆಯ ಉಪಕರಣ ಹೊತ್ತು ಅವುಗಳ ಮೇಲೆ ಓಡಾಡುತ್ತಿದ್ದವರು. ಈ ಅನಿಲ ಹೆಚ್ಚುಕಡಿಮೆಯಾದರೆ ಭೂಮಿಯ ಬಿಸುಪು ಎಷ್ಟು ಬದಲಾದೀತೆಂದು 1896ರಲ್ಲಿ ಸ್ವಾಂಟೆ ಅರೇನಿಯಸ್ ಲೆಕ್ಕ ಹಾಕಿದ್ದೂ ಹಿಮಯುಗದ ಒಗಟು ಬಿಡಿಸುವುದಕ್ಕೇ. ಹಿಮ ಒಮ್ಮೆ ಅಷ್ಟು ದೂರ ಹಬ್ಬಿದ್ದೇಕೆ ಎಂದು ಹುಡುಕುತ್ತ ಹೋದವರ ಕೈಗೆ, ಅದು ಕರಗುವುದೇಕೆ ಎಂಬುದರ ಉತ್ತರವೂ ಸಿಕ್ಕಿತು.

ಆದರೆ ಮುಖ ಎಷ್ಟು ಸರಿಯಿತು ಎಂಬುದರಿಂದ ಹಿಮನದಿಯ ಆರೋಗ್ಯ ಪೂರ್ತಿ ತಿಳಿಯುವುದಿಲ್ಲ. ಮೈಮೇಲೆ ಕಲ್ಲುಮಣ್ಣಿನ ದಪ್ಪ ಹೊದಿಕೆಯಿದ್ದರೆ ಮುಖ ಇದ್ದಲ್ಲೇ ಇದ್ದು ಒಡಲು ಮಾತ್ರ ಸೊರಗಬಹುದು. ನಿಜವಾದ ಲೆಕ್ಕ ಜಮಾಖರ್ಚಿನದು: ವರ್ಷದಲ್ಲಿ ಎಷ್ಟು ಹಿಮ ಬಿತ್ತು, ಎಷ್ಟು ಕರಗಿತು. ಅದಕ್ಕೆ ಮಂಜಿನಲ್ಲಿ ತೂತು ಕೊರೆದು ಗಳುಗಳನ್ನು ನೆಟ್ಟು, ಮರುವರ್ಷ ಅದೇ ಗಳು ಹುಡುಕಿಕೊಂಡು ಹೋಗಬೇಕು. ಹಿಮಾಚಲದ ಛೋಟಾ ಶಿಗ್ರಿಯಲ್ಲಿ 2002ರಿಂದ ಇದು ಬಿಡದೆ ನಡೆದಿದೆ. ಭಾರತದಲ್ಲಿ ಇಂಥ ದೀರ್ಘ ದಾಖಲೆಯಿರುವ ಹಿಮನದಿಗಳನ್ನು ಬೆರಳಲ್ಲಿ ಎಣಿಸಬಹುದು.

ಉಳಿದವುಗಳ ಲೆಕ್ಕ ಆಕಾಶದಿಂದ. 1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದಿಂದ ಮೊದಲುಗೊಂಡು ದೇಶದ ದೂರಸಂವೇದಿ ಉಪಗ್ರಹಗಳು ರೂಪುಗೊಂಡದ್ದು ಹಿಮ ಬೀಳದ ನಮ್ಮ ಬೆಂಗಳೂರಿನಲ್ಲಿ. ಇಸ್ರೋದ ಅಹಮದಾಬಾದ್ ಕೇಂದ್ರದಲ್ಲಿದ್ದ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರು ಚೆನಾಬ್, ಪಾರ್ವತಿ, ಬಸ್ಪಾ ಕಣಿವೆಗಳ 466 ಹಿಮನದಿಗಳನ್ನು 1962ರ ನಕ್ಷೆಗಳೊಡನೆ ಹೋಲಿಸಿ, ವಿಸ್ತೀರ್ಣ ಶೇ 21ರಷ್ಟು ಕುಗ್ಗಿದೆ ಎಂದು 2007ರಲ್ಲಿ ಪ್ರಕಟಿಸಿದರು. ಹಳೆಯ ನಕ್ಷೆಗಳು ಆಯಾ ಋತುವಿನ ಹಿಮವನ್ನೂ ಹಿಮನದಿಯೆಂದೇ ಗುರುತಿಸಿರಬಹುದೆಂಬ ತಕರಾರು ಇಂಥ ಹೋಲಿಕೆಗಳ ಬೆನ್ನಿಗೆ ಇದ್ದೇ ಇದೆ. ಕುಲಕರ್ಣಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರಕ್ಕೆ ಬಂದು ಅದೇ ಕೆಲಸ ಮುಂದುವರಿಸಿದರು.

ನಡುವೆ ಒಂದು ಅವಾಂತರವೂ ಆಯಿತು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ತನ್ನ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗುವ ಸಂಭವ ಬಹಳ ಹೆಚ್ಚು ಎಂದು ಬರೆದುಬಿಟ್ಟಿತು. 2009ರ ನವೆಂಬರಿನಲ್ಲಿ ಆಗಿನ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್, ಭೂವಿಜ್ಞಾನಿ ವಿ.ಕೆ. ರೈನಾ ಅವರ ವರದಿ ಬಿಡುಗಡೆ ಮಾಡಿ ಇದನ್ನು ಪ್ರಶ್ನಿಸಿದರು. ಐಪಿಸಿಸಿ ಅಧ್ಯಕ್ಷ ರಾಜೇಂದ್ರ ಪಚೌರಿ ಅದು ಮಾಟಮಂತ್ರದ ವಿಜ್ಞಾನವೆಂದು ಹೀಗಳೆದರು. (ಭೂರ್ಜಪತ್ರ ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.) ಎರಡೇ ತಿಂಗಳಲ್ಲಿ, 2010ರ ಜನವರಿಯಲ್ಲಿ, ಐಪಿಸಿಸಿ ತಪ್ಪೊಪ್ಪಿಕೊಂಡಿತು. ಆ ಅಂಕಿ ಸಂಶೋಧನಾ ಪ್ರಬಂಧದಿಂದ ಬಂದಿರಲಿಲ್ಲ; ಪತ್ರಿಕೆಯೊಂದರ ವರದಿ ಸಂಘಟನೆಯೊಂದರ ವರದಿಗೆ, ಅಲ್ಲಿಂದ ಐಪಿಸಿಸಿಗೆ ಕೈಬದಲಾಗುತ್ತ ಬಂದಿತ್ತು.

ತಪ್ಪಾದದ್ದು ಇಸವಿ, ದಿಕ್ಕಲ್ಲ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಹೆಕ್ಸಗನ್ ಬೇಹುಗಾರಿಕೆ ಉಪಗ್ರಹಗಳು ತೆಗೆದ ಚಿತ್ರಗಳು ಫಿಲ್ಮ್ ಸುರುಳಿಗಳಲ್ಲಿದ್ದವು. ಆ ಸುರುಳಿಗಳು ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದಾಗ ವಿಮಾನಗಳು ಗಾಳಿಯಲ್ಲೇ ಅವನ್ನು ಕೊಕ್ಕೆ ಹಾಕಿ ಹಿಡಿಯುತ್ತಿದ್ದವು. ಗೌಪ್ಯತೆ ತೆರವಾದ ಮೇಲೆ ಸಂಶೋಧಕರು ಆ ಚಿತ್ರಗಳಿಂದ ಸುಮಾರು 650 ಹಿಮನದಿಗಳ ಹಳೆಯ ಎತ್ತರ ಲೆಕ್ಕ ಹಾಕಿದರು. 2019ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, 1975ರಿಂದ 2000ದವರೆಗೆ ಕರಗಿದ ವೇಗದ ಎರಡರಷ್ಟು ವೇಗದಲ್ಲಿ 2000ದಿಂದ 2016ರವರೆಗೆ ಮಂಜು ಕರಗಿದೆ. ಬೇಹುಗಾರರು ಹುಡುಕುತ್ತಿದ್ದದ್ದು ಕ್ಷಿಪಣಿಗಳನ್ನು.

ಇನ್ನು ಮರದ ಮಾತು. ಜಗತ್ತಿನ ಬೆಟ್ಟಗಳಲ್ಲಿ ಮರಗಳು ನಿಲ್ಲುವ ಗಡಿ ಎತ್ತರದಲ್ಲಿ ಬೇರೆಬೇರೆ. ಆದರೆ ಬೆಳೆಯುವ ಋತುವಿನ ಸರಾಸರಿ ಉಷ್ಣಾಂಶ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ ಹೆಚ್ಚಿನವು ಸೇರುತ್ತವೆ. ಕಾರಣ ಸೊಗಸಾಗಿದೆ. ಅದಕ್ಕಿಂತ ಚಳಿಯಲ್ಲೂ ಎಲೆ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಆ ಸಕ್ಕರೆಯನ್ನು ಬಳಸಿ ಹೊಸ ಜೀವಕೋಶ ಕಟ್ಟುವುದು ಮಾತ್ರ ಸಾಧ್ಯವಾಗುವುದಿಲ್ಲ. ಅಡುಗೆ ಆಗಿದೆ, ಉಣ್ಣಲು ಆಗುತ್ತಿಲ್ಲ. ಹಾಗಾದರೆ ಬೆಚ್ಚಗಾದಂತೆ ಕಾಡು ಮೇಲೇರಬೇಕಲ್ಲವೇ? ಹಲವೆಡೆ ಏರಿದೆ. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಹತ್ತಿದ ಈಕ್ವೆಡಾರಿನ ಚಿಂಬೊರಾಜೊ ಪರ್ವತವನ್ನು 2012ರಲ್ಲಿ ಮತ್ತೆ ಹತ್ತಿದವರು ಸಸ್ಯಗಳ ಗಡಿ 500 ಮೀಟರಿಗೂ ಹೆಚ್ಚು ಮೇಲೇರಿದೆ ಎಂದರು. ಹಂಬೋಲ್ಟರ ದಾಖಲೆಗಳಲ್ಲಿ ಬಹುಪಾಲು ಅದೇ ದೇಶದ ಆಂಟಿಸಾನಾ ಪರ್ವತದ್ದು ಎಂದು 2019ರಲ್ಲಿ ಬೇರೊಂದು ತಂಡ ತೋರಿಸಿ, ಏರಿಕೆಯನ್ನು ಅರ್ಧದಷ್ಟಕ್ಕೆ ಇಳಿಸಿತು.

ಹಿಮಾಲಯದ ಭೂರ್ಜ ಅಷ್ಟು ಸರಳವಾಗಿ ವರ್ತಿಸುತ್ತಿಲ್ಲ. ಕಾಂಡಕ್ಕೆ ತೂತು ಕೊರೆದು ತೆಗೆದ, ಪೆನ್ಸಿಲ್‌ಗಿಂತ ತೆಳ್ಳಗಿನ ಎಳೆಯಲ್ಲಿ ವಾರ್ಷಿಕ ಉಂಗುರಗಳನ್ನು ಓದಿದಾಗ ತಿಳಿದದ್ದು ಇದು: ಮುಂಗಾರಿಗೆ ಮುಂಚಿನ ತಿಂಗಳುಗಳು ಒಣಗಿದ ವರ್ಷ ಉಂಗುರ ತೆಳ್ಳಗಾಗುತ್ತದೆ, ಕೆಲವೊಮ್ಮೆ ಮೂಡುವುದೇ ಇಲ್ಲ. ಆ ತಿಂಗಳುಗಳಲ್ಲಿ ಬೇರಿಗೆ ನೀರುಣಿಸುವುದರಲ್ಲಿ ಕರಗುವ ಹಿಮದ ಪಾಲು ದೊಡ್ಡದು. ಹಿಮ ಕಡಿಮೆ ಬಿದ್ದು ಬೇಗ ಕರಗಿದರೆ, ಬಿಸುಪು ಹೆಚ್ಚಿದರೂ ಮರಕ್ಕೆ ಬಾಯಾರಿಕೆ. ಹಿಮನದಿಗೆ ಕುತ್ತು ತರುವ ಬಿಸಿಲು ಮರಕ್ಕೆ ಒಳ್ಳೆಯದು ಎಂದು ನಾನೂ ಬಹಳ ದಿನ ನಂಬಿದ್ದೆ.

ದಕ್ಷಿಣದ ಬೆಟ್ಟಗಳಿಗೂ ಹಿಮದ ಲೆಕ್ಕ ಹತ್ತಿರದ್ದೇ. ಊಟಿಯ ಬಳಿಯ ಸ್ಯಾಂಡಿನಲ್ಲಾದ ಜೌಗಿನಲ್ಲಿ ಸಾವಿರಾರು ವರ್ಷಗಳ ಸಸ್ಯಗಳು ಅರೆಕೊಳೆತು ಕಪ್ಪು ಪದರಗಳಾಗಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅದರ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ 20,000 ವರ್ಷಗಳ ಇತಿಹಾಸ ಬರೆದರು. ಉತ್ತರದಲ್ಲಿ ಹಿಮ ಉಬ್ಬಿದ್ದಾಗ ಇಲ್ಲಿ ಮುಂಗಾರು ಸೋತು ಒಣಹವೆಯ ಹುಲ್ಲು ಹಬ್ಬಿತ್ತು. ಹಿಮ ಹಿಂಜರಿದ ಮೇಲೆ ಮಳೆ ಬಲಗೊಂಡಿತು. ನೀಲಗಿರಿಯ ಹುಲ್ಲುಗಾವಲಿಗೆ, ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ಶೋಲಾ ಕಾಡಿನ ಸಸಿಗಳು ನುಗ್ಗದಂತೆ ತಡೆಯುವವುಗಳಲ್ಲಿ ಚಳಿಗಾಲದ ರಾತ್ರಿ ಹೆಪ್ಪುಗಟ್ಟುವ ಇಬ್ಬನಿಯೂ ಒಂದು. ಅಂಥ ರಾತ್ರಿಗಳು ಕಡಿಮೆಯಾದರೆ ಮರಗಳಿಗೆ, ಅದರಲ್ಲೂ ಹೊರಗಿನಿಂದ ತಂದು ನೆಟ್ಟ ವ್ಯಾಟಲ್ ಗಿಡಗಳಿಗೆ ದಾರಿ ಸುಗಮವೆಂದು ಅವರು 1995ರಲ್ಲೇ ಬರೆದಿದ್ದರು. ಹುಲ್ಲು ಹೋದರೆ ಅಲ್ಲಿನ ಕಾಡುಮೇಕೆಯಾದ ವರೆಯಾಡಿಗೆ ಮೇಯಲು ಜಾಗವಿಲ್ಲ.

ನಾವು ಕುಡಿಯುವ ಕಾವೇರಿಯಲ್ಲಿ ಹಿಮನದಿಯ ಹನಿಯೂ ಇಲ್ಲ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಮಾಡಿ ತರುವ ಆ ನೀರನ್ನು ಮಳೆ ನಿಂತ ಮೇಲೂ ಹಿಡಿದಿಟ್ಟು ಬಿಡುವ ಕೆಲಸ ತಲಕಾವೇರಿಯ ಸುತ್ತಲಿನಂಥ ಶೋಲಾ ಮತ್ತು ಹುಲ್ಲುಗಾವಲಿನದು. ಭೂರ್ಜಕ್ಕೆ ಮೇಲೇರಲು ಇನ್ನೂ ಬೆಟ್ಟವಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರಿಗೆ ಮುಗಿಯುತ್ತದೆ. ಶೋಲಾ ಅದರ ಇಳಿಜಾರಿನ ಮಡಿಲುಗಳಲ್ಲಿ ನಿಂತಿದೆ, ನೆತ್ತಿಯ ಮೇಲೊಂದು ಚಿಕ್ಕ ಗುಡಿ, ಮತ್ತು ಶನಿವಾರ ಬೆಳಗಾದರೆ ಅಲ್ಲಿಗೆ ಹತ್ತುವ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳ ಸಾಲು.