ಮೇಲ್‌ನಿಂದ ಮಾಯವಾದ ಎರಡು ಪದ: ಅಮೆರಿಕದ ಕಪ್ಪು ಮಹಿಳೆಯರ ಸಮಾವೇಶಗಳ ಹಿಂದಿನ ಕಥೆ

ಅಟ್ಲಾಂಟಾದಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಪ್ರತಿ ವರ್ಷ ಮ್ಯಾನೇಜರ್‌ಗೆ ಒಂದು ಮೇಲ್ ಬರೆಯುತ್ತಾಳೆ. ಮೂರು ದಿನದ ಸಮಾವೇಶ ಇದೆ, ಟಿಕೆಟ್, ವಿಮಾನ, ಹೋಟೆಲ್ ಸೇರಿ ಇಷ್ಟಾಗುತ್ತದೆ, ಕಂಪನಿ ಕೊಡಬಹುದಾ ಅಂತ. 2021ರ ಮೇಲ್‌ನಲ್ಲಿ ಇದು 'ಕಪ್ಪು ಮಹಿಳೆಯರ' ಸಮಾವೇಶ ಎಂದು ಮೊದಲ ಸಾಲಿನಲ್ಲೇ ಇತ್ತು. ಮಧ್ಯಾಹ್ನದೊಳಗೆ ಒಪ್ಪಿಗೆ ಬಂತು. 2025ರಲ್ಲಿ ಅವಳೇ ಆ ಎರಡು ಪದ ತೆಗೆದು 'ವೃತ್ತಿ ತರಬೇತಿ' ಎಂದು ಹಾಕಿದಳು. ಆದರೂ ಒಪ್ಪಿಗೆ ಬರಲಿಲ್ಲ. ರಜೆ ಹಾಕಿ, ಕೈಯಿಂದ ದುಡ್ಡು ಹಾಕಿಕೊಂಡು ಹೋಗಿಬಂದಳು.

ನಾಲ್ಕೇ ವರ್ಷದಲ್ಲಿ ಇಷ್ಟು ಬದಲಾಗಿದ್ದು ಹೇಗೆ ಎಂದು ಹುಡುಕಲು ಹೋದರೆ ಕೋರ್ಟು, ರಾಜಕೀಯ, ಟಿಕ್‌ಟಾಕ್, ಕೂದಲೆಣ್ಣೆ ಎಲ್ಲ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಕೂದಲೆಣ್ಣೆಯಿಂದಲೇ ಶುರು ಮಾಡೋಣ, ಏಕೆಂದರೆ ನಿಜವಾಗಿ ಶುರುವಾಗಿದ್ದೂ ಹೆಚ್ಚುಕಡಿಮೆ ಅಲ್ಲಿಂದಲೇ.

1912ರಲ್ಲಿ ಶಿಕಾಗೋದಲ್ಲಿ ನ್ಯಾಷನಲ್ ನೀಗ್ರೋ ಬಿಸಿನೆಸ್ ಲೀಗ್‌ನ ಸಭೆ ನಡೆಯುತ್ತಿತ್ತು. ಕಪ್ಪು ಉದ್ಯಮಿಗಳ ಸಭೆ, ಅಂದರೆ ಹೆಚ್ಚಿನ ಮಟ್ಟಿಗೆ ಗಂಡಸರ ಸಭೆ. ಅಲ್ಲಿ ಮೇಡಂ ಸಿ.ಜೆ. ವಾಕರ್ ಕೂತಿದ್ದರು. ಮೂಲ ಹೆಸರು ಸಾರಾ ಬ್ರೀಡ್‌ಲವ್, ಹುಟ್ಟಿದ್ದು 1867ರಲ್ಲಿ ಲೂಯಿಸಿಯಾನಾದಲ್ಲಿ, ಗುಲಾಮರಾಗಿದ್ದವರ ಮಗಳು. ವರ್ಷಗಟ್ಟಲೆ ಬೇರೆಯವರ ಬಟ್ಟೆ ಒಗೆದು, ಆಮೇಲೆ ಕೂದಲ ಆರೈಕೆಯ ಸಾಮಾನು ತಯಾರಿಸಿ ಮಾರಿ, ಅಷ್ಟು ಹೊತ್ತಿಗೆ ದೊಡ್ಡ ಕಂಪನಿ ಕಟ್ಟಿದ್ದರು. ಆದರೂ ಮಾತಾಡಲು ಅವಕಾಶ ಸಿಗಲಿಲ್ಲ. ಕೊನೆಯ ದಿನ ಅವರು ಎದ್ದು ನಿಂತೇಬಿಟ್ಟರು. ಹತ್ತಿ ಹೊಲದಿಂದ ಬಂದವಳು ನಾನು, ಅಲ್ಲಿಂದ ಬಟ್ಟೆ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ಸ್ವಂತ ಕಾರ್ಖಾನೆಗೆ ಬಂದೆ ಎಂಬ ಅರ್ಥದ ಮಾತಾಡಿದರು. ಮರುವರ್ಷ ಅದೇ ಲೀಗ್ ಅವರನ್ನು ಭಾಷಣಕ್ಕೆ ಕರೆಯಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. 1917ರ ಆಗಸ್ಟ್ ಕೊನೆಯಲ್ಲಿ ಫಿಲಡೆಲ್ಫಿಯಾದ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ತಮ್ಮದೇ ಸಮಾವೇಶ ಕರೆದರು. ಅವರ ಸಾಮಾನನ್ನು ಮನೆಮನೆಗೆ ಹೋಗಿ ಮಾರುತ್ತಿದ್ದ ಸುಮಾರು 200 ಏಜೆಂಟ್ ಹೆಂಗಸರು ಬೇರೆ ಬೇರೆ ರಾಜ್ಯಗಳಿಂದ ಬಂದರು. ಬಹುತೇಕ ಹೋಟೆಲ್‌ಗಳಲ್ಲಿ ಕಪ್ಪು ಜನರಿಗೆ ರೂಮೇ ಸಿಗದ ಕಾಲ ಅದು. ಜಾಸ್ತಿ ಮಾರಿದವರಿಗೆ ಬಹುಮಾನ ಇತ್ತು, ಅದು ಸರಿ. ಆದರೆ ತಮ್ಮ ಊರಲ್ಲಿ ಜಾಸ್ತಿ ದಾನಧರ್ಮ ಮಾಡಿದ ಏಜೆಂಟರ ಸಂಘಗಳಿಗೂ ಬಹುಮಾನ ಇತ್ತು. ಎರಡು ತಿಂಗಳ ಹಿಂದಷ್ಟೇ ಇಲಿನಾಯ್ ರಾಜ್ಯದ ಈಸ್ಟ್ ಸೇಂಟ್ ಲೂಯಿಸ್ ಊರಲ್ಲಿ ಬಿಳಿಯರ ಗುಂಪುಗಳಿಂದ ಕಪ್ಪು ಜನರ ಕೊಲೆಗಳಾಗಿದ್ದವು. ಈ ಮಾರಾಟದ ಹೆಂಗಸರು ಚರ್ಚಿನಲ್ಲಿ ಕೂತು ಅಧ್ಯಕ್ಷ ವಿಲ್ಸನ್‌ಗೆ ಒಂದು ತಂತಿ ಕಳಿಸಿದರು: ಇಂಥದ್ದು ಮತ್ತೆ ಆಗದಂತೆ ಕಾನೂನು ತನ್ನಿ. ಕೂದಲೆಣ್ಣೆ ಮಾರುವವರ ಸಭೆ ಅಂತ ಸುಮ್ನೆ ನಗುವವರು ಈ ತಂತಿಯ ವಿಷಯ ಗೊತ್ತಿಲ್ಲದವರು.

ಇದಕ್ಕೂ ಮುಂಚೆ ಏನೂ ಇರಲಿಲ್ಲ ಅಂತಲ್ಲ. ಮಿಸೌರಿಯ ಪತ್ರಕರ್ತನೊಬ್ಬ ಕಪ್ಪು ಹೆಣ್ಣುಮಕ್ಕಳ ಬಗ್ಗೆ ಕೀಳಾಗಿ ಬರೆದ ಪತ್ರಕ್ಕೆ ಉತ್ತರವಾಗಿ 1895ರಲ್ಲಿ ಬಾಸ್ಟನ್‌ನಲ್ಲಿ ದೊಡ್ಡ ಸಭೆ ಸೇರಿತ್ತು. ಮರುವರ್ಷ ಮೇರಿ ಚರ್ಚ್ ಟೆರೆಲ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಸಂಘವೂ ಹುಟ್ಟಿತು. ಅದು ಹೆಚ್ಚಾಗಿ ಸಮಾಜಸೇವೆಯ ದಾರಿ. ದುಡಿಮೆ, ದುಡ್ಡು, ಪರಿಚಯ ಮೂರನ್ನೂ ಒಂದೇ ಕಡೆ ತಂದಿದ್ದಕ್ಕೆ ನಾನು ವಾಕರ್‌ಗೇ ಜಾಸ್ತಿ ಅಂಕ ಕೊಡುತ್ತೇನೆ.

ಆಮೇಲಿನ ಅರವತ್ತು ಚಿಲ್ಲರೆ ವರ್ಷ ಬೇಗ ಹೇಳಿ ಮುಗಿಸುತ್ತೇನೆ: 1935ರಲ್ಲಿ ಮೇರಿ ಮೆಕ್ಲಿಯೋಡ್ ಬೆಥೂನ್ ಕಟ್ಟಿದ ಕಪ್ಪು ಮಹಿಳೆಯರ ಮಂಡಳಿ, ಕೆಲಸ ಕೊಡುವಾಗ ಜನಾಂಗಭೇದ ಮಾಡಬಾರದು ಎಂದ 1964ರ ನಾಗರಿಕ ಹಕ್ಕು ಕಾಯ್ದೆ, 1970ರಲ್ಲಿ ಕಪ್ಪು ಮಹಿಳೆಯರಿಗಾಗಿ ಬಂದ ಎಸೆನ್ಸ್ ಪತ್ರಿಕೆ, ಮತ್ತು ನಿಧಾನವಾಗಿ ಆಫೀಸುಗಳ ಒಳಗೆ ಬಂದ ಮೊದಲ ತಲೆಮಾರು. ಈ ತಲೆಮಾರಿನ ಕಷ್ಟ ಬೇರೆ ಥರದ್ದು. ಬಾಗಿಲು ತೆರೆದಿದೆ, ಒಳಗೆ ಪರಿಚಯದವರು ಯಾರೂ ಇಲ್ಲ.

ಇದು ನಮಗೆ ಬೇಗ ಅರ್ಥವಾಗಬೇಕು, ಆದರೆ ಆಗುವುದಿಲ್ಲ. ನಾನು ಅಮೆರಿಕಕ್ಕೆ ಬಂದಾಗ ಕಾಲೇಜಿನ ಸೀನಿಯರ್ ಒಬ್ಬರು ನನ್ನ ರೆಸ್ಯೂಮೆ ಮುಂದೆ ಕಳಿಸಿದರು. ಇನ್ನೊಬ್ಬರು ಸಂಬಳ ಎಷ್ಟು ಕೇಳಬೇಕು ಅಂತ ಹೇಳಿಕೊಟ್ಟರು. ವಾಟ್ಸ್ಆ್ಯಪ್ ಗುಂಪು, ಕನ್ನಡ ಕೂಟದ ಊಟದ ಸಾಲು, ಎಲ್ಲವೂ ನೆಟ್‌ವರ್ಕಿಂಗೇ. ಅದಕ್ಕೆ ನಾವು ಆ ಹೆಸರು ಇಟ್ಟಿಲ್ಲ ಅಷ್ಟೇ. ನನ್ನ ಗೆಳತಿ ಇದೇ ಅಟ್ಲಾಂಟಾದಲ್ಲಿ ಹುಟ್ಟಿ ಬೆಳೆದವಳು. ಅವಳ ಮನೆಯಲ್ಲಿ ಆಫೀಸು ಕೆಲಸಕ್ಕೆ ಹೋದವರಲ್ಲಿ ಅವಳೇ ಮೊದಲಿಗಳು. ಸಂಬಳ ಎಷ್ಟು ಕೇಳಬೇಕು ಎಂದು ಅವಳು ಕಲಿತದ್ದು ಟಿಕೆಟ್ ಕೊಂಡು ಹೋದ ಸಮಾವೇಶವೊಂದರಲ್ಲಿ.

1995ರಲ್ಲಿ ಎಸೆನ್ಸ್ ಪತ್ರಿಕೆ ತನ್ನ 25ನೇ ವರ್ಷಕ್ಕೆ ಅಂತ ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ಉತ್ಸವ ಮಾಡಿತು. ಒಂದೇ ಸಲ ಮಾಡಿ ಬಿಡುವ ಯೋಚನೆ ಇತ್ತು. ಜನ ಬಿಡಲಿಲ್ಲ. ರಾತ್ರಿ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಹಾಡು, ಹಗಲು ಕನ್ವೆನ್ಷನ್ ಸೆಂಟರ್‌ನಲ್ಲಿ ಉದ್ಯೋಗ, ಆರೋಗ್ಯ, ವ್ಯಾಪಾರದ ಮಾತು. ಕತ್ರಿನಾ ಚಂಡಮಾರುತದ ನಂತರ 2006ರಲ್ಲಿ ಮಾತ್ರ ಅದು ಹ್ಯೂಸ್ಟನ್‌ಗೆ ಹೋಗಿತ್ತು. ಅದೇ ವರ್ಷ ಬ್ಲ್ಯಾಕ್ ಎಂಟರ್‌ಪ್ರೈಸ್ ಪತ್ರಿಕೆ ದೊಡ್ಡ ಹುದ್ದೆಯ ಮಹಿಳೆಯರಿಗಾಗಿ ವಿಮೆನ್ ಆಫ್ ಪವರ್ ಎಂಬ ಸಮಾವೇಶ ಶುರು ಮಾಡಿತು.

ನನಗೆ ಇಷ್ಟವಾದ ಹಂತ ಇದಾದ ಮೇಲಿನದು. ಬ್ಲಾಗ್ ಬರೆಯುವವರು ಬಂದರು. 2005ರಲ್ಲಿ ಬ್ಲಾಗ್‌ಹರ್ ಎಂಬ ಮಹಿಳೆಯರ ಸಮಾವೇಶ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿತ್ತು. 2008ರಲ್ಲಿ ಅಟ್ಲಾಂಟಾದಲ್ಲಿ ಬ್ಲಾಗಿಂಗ್ ವೈಲ್ ಬ್ರೌನ್, 2009ರಲ್ಲಿ ಅಲ್ಲೇ ಬ್ಲಾಗಲೀಷಿಯಸ್. ಸ್ವಾಭಾವಿಕ ಕೂದಲನ್ನು ಹೇಗೆ ತೊಳೆಯುವುದು, ಹೇಗೆ ಹೆಣೆಯುವುದು ಅಂತ ರಾತ್ರಿ ಮಕ್ಕಳು ಮಲಗಿದ ಮೇಲೆ ಬರೆಯುತ್ತಿದ್ದವರು, ಅಡುಗೆ ಬರೆಯುತ್ತಿದ್ದವರು, ರಾಜಕೀಯ ಬರೆಯುತ್ತಿದ್ದವರು ಮೊದಲ ಸಲ ಮುಖಾಮುಖಿಯಾದರು. ಅವರ ಓದುಗರನ್ನು ನೋಡಿ ಬ್ರ್ಯಾಂಡುಗಳೂ ಹಿಂದೆಯೇ ಬಂದವು.

ಇಂಥ ಸಮಾವೇಶದ ಅಸಲಿ ಕೆಲಸ ವೇದಿಕೆ ಮೇಲೆ ಆಗುವುದಿಲ್ಲ. ಅದು ಕಾರಿಡಾರ್‌ನಲ್ಲಿ, ಚಾರ್ಜಿಂಗ್ ಪಾಯಿಂಟ್ ಇರುವ ಗೋಡೆಯ ಪಕ್ಕ, ಹೈ ಹೀಲ್ಸ್ ತೆಗೆದು ಬ್ಯಾಗಿನಿಂದ ಚಪ್ಪಲಿ ಹಾಕಿಕೊಂಡ ಮೇಲೆ ಆಗುತ್ತದೆ. ಒಬ್ಬಳು ತನ್ನ ಫೋನ್ ತಿರುಗಿಸಿ ಇನ್ನೊಬ್ಬಳಿಗೆ ತೋರಿಸುತ್ತಾಳೆ: ನೋಡು, ಈ ಬ್ರ್ಯಾಂಡ್ ನನಗೆ ಇಷ್ಟು ಕೊಡ್ತೀನಿ ಅಂದಿದೆ. ಆ ಇನ್ನೊಬ್ಬಳು ಒಂದು ಕ್ಷಣ ಸುಮ್ಮನಿರುತ್ತಾಳೆ. ಅವಳು ಅದೇ ಕೆಲಸವನ್ನು ಒಂದು ಡಬ್ಬಿ ಶಾಂಪೂಗೆ ಮಾಡಿಕೊಟ್ಟಿದ್ದಾಳೆ. ಇದನ್ನು ಯಾವ ಭಾಷಣಕಾರರೂ ಹೇಳಿಕೊಡುವುದಿಲ್ಲ, ಏಕೆಂದರೆ ಭಾಷಣದ ಹಿಂದಿನ ಪರದೆ ಮೇಲೆ ಅದೇ ಶಾಂಪೂವಿನ ಹೆಸರು ಇರುತ್ತದೆ!

ಇದು ಬರೀ ಅನಿಸಿಕೆ ಅಲ್ಲ ಎಂದು 2021ರ ಡಿಸೆಂಬರ್‌ನಲ್ಲಿ ಬಂದ ಎಂಎಸ್‌ಎಲ್ ಎಂಬ ಪಿಆರ್ ಸಂಸ್ಥೆಯ ಅಧ್ಯಯನ ಹೇಳಿತು. ಬಿಳಿಯ ಮತ್ತು ಕಪ್ಪು ಇನ್‌ಫ್ಲುಯೆನ್ಸರ್‌ಗಳ ಗಳಿಕೆಯ ನಡುವೆ ಶೇ 35ರಷ್ಟು ಅಂತರ ಇತ್ತು. ಅದೇ ವರ್ಷ ಜೂನ್‌ನಲ್ಲಿ ಟಿಕ್‌ಟಾಕ್‌ನ ಕಪ್ಪು ನೃತ್ಯಗಾರರು, ನಮ್ಮ ಸ್ಟೆಪ್ ಕದ್ದು ಬೇರೆಯವರು ಹೆಸರು ಮಾಡುತ್ತಿದ್ದಾರೆ ಎಂದು ಹೊಸ ನೃತ್ಯ ಹಾಕುವುದನ್ನೇ ನಿಲ್ಲಿಸಿ ಮುಷ್ಕರ ಹೂಡಿದ್ದರು.

ಸ್ಟಾರ್ಟಪ್ ಕಡೆ ಸ್ಥಿತಿ ಇನ್ನೂ ಕಷ್ಟ. ಡಿಜಿಟಲ್‌ಅನ್‌ಡಿವೈಡೆಡ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿದಾಗ 2012ರಿಂದ 2014ರವರೆಗೆ ಹೂಡಿಕೆದಾರರು ಸ್ಟಾರ್ಟಪ್‌ಗಳಿಗೆ ದುಡ್ಡು ಹಾಕಿದ ವೆಂಚರ್ ಡೀಲ್‌ಗಳಲ್ಲಿ ಕಪ್ಪು ಮಹಿಳೆಯರ ಕಂಪನಿಗಳ ಪಾಲು ಶೇ 0.2. 2016ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೆಕ್ ಕೆಲಸದ ಕಪ್ಪು ಜನರ ಸಮಾವೇಶ ಆಫ್ರೋಟೆಕ್ ಶುರುವಾಯಿತು (ಅದು ಗಂಡಸರಿಗೂ ಹೌದು), 2017ರಲ್ಲಿ ಬ್ಲ್ಯಾಕ್ ವಿಮೆನ್ ಟಾಕ್ ಟೆಕ್, ಅದೇ ಹೊತ್ತಿಗೆ ಕ್ರಿಯೇಟರ್‌ಗಳಿಗಾಗಿ ನ್ಯೂಯಾರ್ಕ್‌ನಲ್ಲಿ ಕಲ್ಚರ್‌ಕಾನ್.

2020ರ ಮೇನಲ್ಲಿ ಪೊಲೀಸನೊಬ್ಬನ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕೊಲೆಯಾಯಿತು. ಕಂಪನಿಗಳು ಸಾಲುಗಟ್ಟಿ ಹಣ ಘೋಷಿಸಿದವು. ಸಮಾವೇಶಗಳಲ್ಲಿ ಸ್ಪಾನ್ಸರ್ ಸ್ಟಾಲ್‌ಗಳು ಹೆಚ್ಚಿದವು, ಉಚಿತ ಟೋಟ್ ಬ್ಯಾಗ್, ಕಾಫಿ, ಸ್ಥಳದಲ್ಲೇ ಸಂದರ್ಶನ. ನನ್ನ ಗೆಳತಿಯ ಮೇಲ್‌ಗೆ ಮಧ್ಯಾಹ್ನದೊಳಗೆ ಒಪ್ಪಿಗೆ ಬಂದದ್ದು ಈ ಸಮಯದಲ್ಲೇ. ಅವಳಿಗೆ ಆಗಲೇ ಒಂದು ಅನುಮಾನ ಇತ್ತು, ಇಷ್ಟು ಬೇಗ ಬಂದದ್ದು ಅಷ್ಟೇ ಬೇಗ ಹೋಗಬಹುದು ಅಂತ. ಖರ್ಚಿನ ದೊಡ್ಡ ಪಾಲು ಸ್ಪಾನ್ಸರ್‌ಗಳ ಮೇಲೆ ನಿಂತ ಮೇಲೆ ಜಾಗಗಳೂ ದೊಡ್ಡದಾದವು, ಟಿಕೆಟ್ ದರವೂ ಏರಿತು. ಹೊಸದಾಗಿ ಬರೆಯಲು ಶುರು ಮಾಡಿದ ಹುಡುಗಿಗೆ ನೂರಾರು ಡಾಲರ್ ಹೊಂದಿಸುವುದು ಸುಲಭವಲ್ಲ ಅಲ್ವಾ? ಈ ಮಾತನ್ನು ಸಂಘಟಕರ ಎದುರು ಎತ್ತಿದವರು ಕಡಿಮೆ.

ಗಾಳಿ ತಿರುಗಿದ್ದು 2023ರಲ್ಲಿ. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ತಳ್ಳಿಹಾಕಿತು. ಆಗಸ್ಟ್‌ನಲ್ಲಿ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಮೇಲೆ ಒಂದು ಸಂಘಟನೆ ಕೇಸು ಹಾಕಿತು. ಈ ಫಂಡ್ ಕಪ್ಪು ಮಹಿಳೆಯರ ಸಣ್ಣ ಉದ್ಯಮಗಳಿಗೆ 20,000 ಡಾಲರ್ ಅನುದಾನ ಕೊಡುತ್ತಿತ್ತು, ಅವರಿಗಷ್ಟೇ ಕೊಡುವುದು ಜನಾಂಗಭೇದ ಎಂಬುದು ಕೇಸಿನ ವಾದ. ಕೇಸಿಗೆ ಆಧಾರವಾಗಿ ತೋರಿಸಿದ್ದು 1866ರ ನಾಗರಿಕ ಹಕ್ಕು ಕಾಯ್ದೆ. ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದವರಿಗೂ ಬಿಳಿಯರಷ್ಟೇ ಕರಾರು ಮಾಡಿಕೊಳ್ಳುವ ಹಕ್ಕು ಇರಲಿ ಎಂದು ತಂದ ಕಾನೂನು! ವಾಕರ್ ಹುಟ್ಟುವ ಹಿಂದಿನ ವರ್ಷದ್ದು. 2024ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟು 2-1ರಲ್ಲಿ ಅನುದಾನಕ್ಕೆ ತಡೆ ಹಾಕಿತು, ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಅನುದಾನವೇ ನಿಂತಿತು. ಇಷ್ಟರಲ್ಲಿ ಕೆಲವು ದೊಡ್ಡ ವಕೀಲರ ಕಂಪನಿಗಳು ಕೇಸು ಬಿದ್ದ ಮೇಲೆ ವೈವಿಧ್ಯಕ್ಕಾಗಿ ಇಟ್ಟಿದ್ದ ತಮ್ಮ ಫೆಲೋಶಿಪ್ ನಿಯಮಗಳನ್ನು ಎಲ್ಲರಿಗೂ ಮುಕ್ತ ಎಂದು ಬದಲಿಸಿಕೊಂಡಿದ್ದವು. 2025ರ ಜನವರಿಯಲ್ಲಿ ಸರ್ಕಾರವೇ ತನ್ನ ವೈವಿಧ್ಯ ಕಾರ್ಯಕ್ರಮಗಳನ್ನು ಮುಚ್ಚುವ ಆದೇಶ ಹೊರಡಿಸಿತು. ಹಲವು ಖಾಸಗಿ ಕಂಪನಿಗಳೂ ಹಿಂದೆ ಸರಿದವು. ಸಮಾವೇಶಕ್ಕೆ ಹೋಗಬಾರದು ಅಂತ ಯಾವ ಕಾನೂನೂ ಹೇಳಿಲ್ಲ. ಆದರೆ ಮ್ಯಾನೇಜರ್‌ಗಳಿಗೆ ಮೇಲ್ ಬಂದರೆ ಭಯ.

ಪರಿಚಯಗಳಿಂದ ಏನು ಉಪಯೋಗ ಎಂದು ಕೇಳುವವರಿಗೆ ನಡುವೆ ಒಂದು ರಾತ್ರಿ ಇದೆ. 2024ರ ಜುಲೈ 21ರಂದು ಬೈಡನ್ ಅಧ್ಯಕ್ಷ ಚುನಾವಣೆಯ ಕಣದಿಂದ ಹಿಂದೆ ಸರಿದು ಕಮಲಾ ಹ್ಯಾರಿಸ್ ಹೆಸರು ಹೇಳಿದರು. ಅದೇ ರಾತ್ರಿ ವಿನ್ ವಿತ್ ಬ್ಲ್ಯಾಕ್ ವಿಮೆನ್ ಎಂಬ ಕಪ್ಪು ಮಹಿಳೆಯರ ಗುಂಪಿನ ಜೂಮ್ ಕರೆಗೆ ಸುಮಾರು 44,000 ಜನ ಸೇರಿದರು, ಕೆಲವೇ ಗಂಟೆಗಳಲ್ಲಿ 15 ಲಕ್ಷ ಡಾಲರ್ ಕೂಡಿತು. ಒಂದು ಸಂಜೆಯಲ್ಲಿ ಹುಟ್ಟಿದ ಗುಂಪಲ್ಲ ಅದು. ಒಬ್ಬರ ಫೋನ್‌ನಲ್ಲಿ ಇನ್ನೊಬ್ಬರ ನಂಬರ್ ಮೊದಲೇ ಇತ್ತು.

ಗೆಳತಿ 2025ರಲ್ಲಿ ಹೋದಾಗ ಸ್ಟಾಲ್‌ಗಳು ಕಡಿಮೆ ಇದ್ದವಂತೆ, ಟೋಟ್ ಬ್ಯಾಗ್ ಇರಲಿಲ್ಲವಂತೆ. ನಾಲ್ವರು ಸೇರಿ ಒಂದು ರೂಮು ಹಿಡಿದಿದ್ದರು, ಇಬ್ಬರು ಮಂಚದ ಮೇಲೆ, ಇಬ್ಬರು ಗಾಳಿ ಹಾಸಿಗೆ ಮೇಲೆ. ಒಂದು ರಾತ್ರಿ ನಾಲ್ವರೂ ತಮ್ಮ ತಮ್ಮ ಸಂಬಳವನ್ನು ಚೀಟಿಯಲ್ಲಿ ಬರೆದು ನಡುವೆ ಇಟ್ಟು, ಒಟ್ಟಿಗೆ ತೆರೆದು ನೋಡಿದರಂತೆ. ವಾಪಸ್ ಬಂದ ಸೋಮವಾರ ಮ್ಯಾನೇಜರ್‌ಗೆ ಅವಳು ಇನ್ನೊಂದು ಮೇಲ್ ಬರೆದಳು. ಅದರಲ್ಲಿ ಸಮಾವೇಶದ ಮಾತೇ ಇರಲಿಲ್ಲ, ಒಂದು ಅಂಕಿ ಮಾತ್ರ ಇತ್ತು.