ಕಾಲು ಬೀಸಿದರೆ ತೆರೆಯುವ ಡಿಕ್ಕಿ, ಕರಾವಳಿಯ ಮಳೆ ಮತ್ತು ಒಂದು ಹಳೇ ಕತೆ

ಕಾರವಾರದ ಭಾನುವಾರದ ಸಂತೆ ದಿನ ಕಾರು ನಿಲ್ಲಿಸುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದ ಯಾರೋ ಒಬ್ಬರು ಹೊಸ ಕಾರಿನ ಹಿಂದಿನ ಬಂಪರ್ ಕೆಳಗೆ ಕಾಲು ಹಾಕುತ್ತಿರುತ್ತಾರೆ. ಡಿಕ್ಕಿ ತೆರೆದರೆ ಸರಿ. ತೆರೆಯದಿದ್ದರೆ ಇನ್ನೊಂದು ಸಲ, ಆಮೇಲೆ ಸ್ವಲ್ಪ ಜೋರಾಗಿ ಮತ್ತೊಂದು ಸಲ. ಪಕ್ಕದಲ್ಲಿದ್ದವರಿಗೆ ನಗು ತಡೆಯೋಕಾಗಲ್ಲ. ಕೊನೆಗೆ ಚೀಲ ಕೆಳಗಿಟ್ಟು ಕೈಯಿಂದಲೇ ತೆಗೆಯುತ್ತಾರೆ.

ಕೈ ಖಾಲಿ ಇಲ್ಲದವರಿಗೆ ಬಾಗಿಲು ತೆಗೆಯೋದು ಹೇಗೆ ಅಂತ ಕಾರಿನವರಿಗಿಂತ ಮೊದಲು ತಲೆ ಕೆಡಿಸಿಕೊಂಡದ್ದು ಹೋಟೆಲಿನವರು. 1931ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ವೆಸ್ಟ್ ಹೇವನ್ ಎಂಬ ಕಡಲತೀರದ ಊರಲ್ಲಿ ವಿಲ್ಕಾಕ್ಸ್ ಪಿಯರ್ ರೆಸ್ಟೋರೆಂಟಿನ ಬಾಗಿಲಿಗೆ ಬೆಳಕು ಗುರುತಿಸುವ ಸಾಧನ ಕೂರಿಸಿದರು. ತಟ್ಟೆ ಹೊತ್ತು ಬರುವ ಹುಡುಗಿಯರು ಬೆಳಕಿಗೆ ಅಡ್ಡ ಬಂದ ಕೂಡಲೇ ಬಾಗಿಲು ತೆರೆದುಕೊಳ್ಳುತ್ತಿತ್ತು. 1954ರಲ್ಲಿ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ಲ್ಯೂ ಹೆವಿಟ್ ಮತ್ತು ಡೀ ಹಾರ್ಟನ್ ಪಕ್ಕಕ್ಕೆ ಸರಿಯುವ ಸ್ವಯಂಚಾಲಿತ ಬಾಗಿಲು ಮಾಡಿದ ಕಾರಣ ಇನ್ನೂ ಮಜವಾಗಿದೆ. ಅಲ್ಲಿನ ಗಾಳಿ ಮಾಮೂಲಿ ಬಾಗಿಲುಗಳನ್ನು ನೆಟ್ಟಗೆ ಇರಗೊಡುತ್ತಿರಲಿಲ್ಲ! ಆಷಾಢದಲ್ಲಿ ಟಾಗೋರ್ ಬೀಚ್ ಕಡೆ ಕಾರಿನ ಬಾಗಿಲು ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾಹನದ ವಿಷಯಕ್ಕೆ ಬಂದರೆ, ಮೊದಲು ಹೆಸರು ಮಾಡಿದ್ದು ಜಪಾನಿನ ಟ್ಯಾಕ್ಸಿಗಳು. 1964ರ ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಅಲ್ಲಿ ತಾನಾಗಿ ತೆರೆಯುವ ಹಿಂಬಾಗಿಲು ಹಬ್ಬತೊಡಗಿತು. ತಾನಾಗಿ ಅಂದರೆ ಡ್ರೈವರ್ ತನ್ನ ಸೀಟಿನ ಪಕ್ಕದ ಲಿವರ್ ಎಳೆಯುತ್ತಿದ್ದ, ಅಷ್ಟೇ. ನಮ್ಮ ಕಡೆಯ ಬಸ್ಸುಗಳಲ್ಲಿ ಆ ಕೆಲಸ ಇವತ್ತಿಗೂ ಹೆಚ್ಚಾಗಿ ಕಂಡಕ್ಟರದ್ದು. ಅಂಕೋಲಾದಲ್ಲಿ ಮೀನಿನ ಬುಟ್ಟಿ ಹೊತ್ತ ಅಮ್ಮ ಬಸ್ ಹತ್ತುವಾಗ ಅವರು ಬಾಗಿಲು ತೆಗೆಯುತ್ತಾರೆ, ಬುಟ್ಟಿಗೆ ಕೈ ಕೊಡುತ್ತಾರೆ, ಎರಡೂ ಕಾಲು ಒಳಗೆ ಬಂತಾ ಅಂತ ನೋಡುತ್ತಾರೆ, ಆಮೇಲೆ ‘ರೈಟ್’ ಅನ್ನುತ್ತಾರೆ. ಬಾಗಿಲು ಎಳೆಯೋದು ಯಂತ್ರಕ್ಕೆ ಸುಲಭ. ಯಾರು ಬಂದರು, ಹತ್ತುತ್ತಾರಾ ಸುಮ್ನೆ ನಿಂತಿದ್ದಾರಾ, ಅಡ್ಡ ಏನಾದರೂ ಇದೆಯಾ ಅಂತ ನೋಡುವ ಆ ಕಣ್ಣು ಇದೆಯಲ್ಲ, ಅದನ್ನು ಕಾರಿಗೆ ಕೊಡೋಕೆ ಹೊರಟವರಿಗೆ ದಶಕಗಳೇ ಹಿಡಿದವು. ಇನ್ನೂ ಪೂರ್ತಿ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಬಗೆಹರಿದದ್ದು ‘ಯಾರು ಬಂದರು’ ಅನ್ನುವ ಭಾಗ. 1980ರಲ್ಲಿ ಫೋರ್ಡ್ ಕಂಪನಿ ಬಾಗಿಲ ಮೇಲೆ ಅಂಕಿ ಒತ್ತುವ ಗುಂಡಿ ಇಟ್ಟಿತು. 1982ರಲ್ಲಿ ರೆನೋ ಫ್ಯೂಗೊ ಕಾರಿಗೆ ದೂರದಿಂದ ಬೀಗ ತೆಗೆಯುವ ರಿಮೋಟ್ ಬಂತು. 1993ರ ಶೆವ್ರೊಲೆ ಕಾರ್ವೆಟ್ ಗುಂಡಿ ಒತ್ತುವ ಕೆಲಸವನ್ನೂ ಬಿಡಿಸಿತು, ಕೀ ಜೇಬಲ್ಲಿದ್ದರೆ ಸಾಕು. 1998ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ‘ಕೀಲೆಸ್ ಗೋ’ ಬಂದ ಮೇಲೆ ದುಡ್ಡಿದ್ದವರ ಕಾರಿಗೆ ಇದು ಇರಲೇಬೇಕು ಅಂತಾಯಿತು. ಒಳಗಿನ ಲೆಕ್ಕ ಹೀಗೆ: ಕಾರು ಕಡಿಮೆ ಕಂಪನಾಂಕದ, ಸುಮಾರು 125 ಕಿಲೋಹರ್ಟ್ಸ್‌ನ ಸಂಕೇತ ಕಳಿಸಿ ಹತ್ತಿರದ ಕೀಯನ್ನು ಎಬ್ಬಿಸುತ್ತದೆ. ಕೀ ರೇಡಿಯೊದಲ್ಲಿ ಗುಟ್ಟಿನ ಉತ್ತರ ಕೊಡುತ್ತದೆ. ಆ ಸಂಕೇತ ಒಂದೆರಡು ಮೀಟರ್ ಆಚೆ ಹೋಗದು ಅನ್ನುವ ನಂಬಿಕೆಯ ಮೇಲೆಯೇ ಇಡೀ ವ್ಯವಸ್ಥೆ ನಿಂತಿದೆ. 2011ರಲ್ಲಿ ಜ್ಯೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಆ ನಂಬಿಕೆಯನ್ನೇ ಪರೀಕ್ಷೆಗೆ ಹಚ್ಚಿದರು. ಕಾರಿನ ಸಂಕೇತವನ್ನು ಹಿಡಿದು ದೂರದಲ್ಲಿರುವ ಕೀಯ ತನಕ ದಾಟಿಸುವ ಸಲಕರಣೆ ಮಾಡಿ, ಎಂಟು ಕಂಪನಿಗಳ 10 ಮಾದರಿಗಳನ್ನು ನೋಡಿದರು. ಹತ್ತೂ ಮೋಸ ಹೋದವು. ಈಗಿನ ಕೆಲವು ಕೀಗಳು ಅಲುಗಾಡದೆ ಬಿದ್ದಿದ್ದರೆ ನಿದ್ದೆ ಹೋಗೋದು ಈ ಕಾರಣಕ್ಕೇ.

ಕಾಲಿನ ಸರದಿ ಬಂದದ್ದು 2010ರ ನಂತರ. ಅಮೆರಿಕದಲ್ಲಿ 2012ರಲ್ಲಿ ಹೊಸ ಫೋರ್ಡ್ ಎಸ್ಕೇಪ್ ಇದನ್ನು ಮಧ್ಯಮ ವರ್ಗದ ಕಾರಿಗೆ ತಂದಿತು. 2017ರ ಕ್ರೈಸ್ಲರ್ ಪೆಸಿಫಿಕಾದಲ್ಲಿ ಪಕ್ಕಕ್ಕೆ ಸರಿಯುವ ಬಾಗಿಲಿಗೂ ಕಾಲು ಬೀಸಬಹುದಿತ್ತು. ನಮ್ಮಲ್ಲಿ ಅದೇ ವರ್ಷ ಬಂದ ಹ್ಯೂಂಡೈ ವೆರ್ನಾ ಬೇರೆ ದಾರಿ ಹಿಡಿಯಿತು. ಕೀ ಇಟ್ಟುಕೊಂಡು ಡಿಕ್ಕಿ ಹಿಂದೆ ಮೂರು ಸೆಕೆಂಡಿನಷ್ಟು ನಿಂತರೆ ಅದು ತೆರೆಯುತ್ತಿತ್ತು. ಬೀಸೋದೂ ಬೇಡ, ಒದೆಯೋದೂ ಬೇಡ. ಆದರೆ ಕಾರಿನ ಹಿಂದೆ ನಿಂತೇ ಮಾತಾಡುವ ನಮ್ಮ ಅಭ್ಯಾಸಕ್ಕೆ ಇದು ಹೇಗೆ ಹೊಂದಬೇಕು, ಅಲ್ವಾ? 2023ರಲ್ಲಿ ಟಾಟಾ ಹ್ಯಾರಿಯರ್ ಮತ್ತು ಸಫಾರಿಯ ಹೊಸ ರೂಪಕ್ಕೆ ಕಾಲಿನ ಸನ್ನೆಯ ಡಿಕ್ಕಿ ಬಂತು. ಆಮೇಲೆ ಕಾರವಾರ, ಶಿರಸಿಯಂಥ ಊರುಗಳಲ್ಲೂ ಇದು ಅಪರೂಪವಲ್ಲ.

ಬಂಪರ್ ಒಳಗೆ ನೋಡಿದರೆ ಕ್ಯಾಮೆರಾ ಸಿಗೋದಿಲ್ಲ. ಹೆಚ್ಚಿನ ಕಾರುಗಳಲ್ಲಿ ಪ್ಲಾಸ್ಟಿಕ್ ಹಿಂದೆ ಎರಡು ತಂತಿ ಅಥವಾ ಪಟ್ಟಿ ಇರುತ್ತವೆ, ಒಂದು ಮೇಲೆ, ಒಂದು ಕೆಳಗೆ. ಅವುಗಳ ಸುತ್ತ ಸಣ್ಣ ವಿದ್ಯುತ್ ಕ್ಷೇತ್ರ ಇರುತ್ತದೆ. ಮನುಷ್ಯನ ಮೈಯಲ್ಲಿ ನೀರೇ ಜಾಸ್ತಿ ಇರುವುದರಿಂದ ಕಾಲು ಹತ್ತಿರ ಬಂದರೆ ಆ ಕ್ಷೇತ್ರ ಬದಲಾಗುತ್ತದೆ. 1920ರ ಹೊತ್ತಿಗೆ ರಷ್ಯಾದ ಲೆವ್ ಟೆರ್ಮೆನ್ ಮಾಡಿದ, ಮುಟ್ಟದೆ ನುಡಿಸುವ ಥೆರೆಮಿನ್ ವಾದ್ಯದ ಗುಟ್ಟೂ ಇದೇ. ಮೇಲಿನ ಪಟ್ಟಿ ಮೊಣಕಾಲ ಕೆಳಗಿನ ಭಾಗವನ್ನು ಗುರುತಿಸಬೇಕು, ಕೆಳಗಿನದು ಪಾದವನ್ನು. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಕಾಲು ಒಳಗೆ ಹೋಗಿ ಹೊರಗೆ ಬರಬೇಕು. ಬೆಕ್ಕು ಅಡ್ಡ ದಾಟಿದರೆ ತೆರೆಯದಿರಲಿ ಅಂತ ಈ ಲೆಕ್ಕ. ಸಂತೆಯಲ್ಲಿ ಒದ್ದಾಡುವವರು ಎಡವೋದೂ ಇಲ್ಲೇ. ಅವರು ಕಾಲನ್ನು ಪಕ್ಕದಿಂದ ಪಕ್ಕಕ್ಕೆ ಆಡಿಸುತ್ತಾರೆ, ಇಲ್ಲವೇ ಒಳಗೆ ಹಾಕಿ ಕಾಯುತ್ತಾರೆ. ನೇರ ಒಳಗೆ ಹಾಕಿ ತಕ್ಷಣ ತೆಗೆಯಬೇಕು. ಜೋರು ಬೇಡ.

ಈ ಸೆನ್ಸರಿಗೆ ನಮ್ಮ ಕರಾವಳಿಯಷ್ಟು ಕಷ್ಟ ಕೊಡುವ ಜಾಗ ಕಡಿಮೆ ಇರಬಹುದು. ಗಾಳಿಗೆ ಹೋಲಿಸಿದರೆ ನೀರು ವಿದ್ಯುತ್ ಕ್ಷೇತ್ರವನ್ನು ಸುಮಾರು 80 ಪಟ್ಟು ಹೆಚ್ಚು ಬದಲಿಸುತ್ತದೆ. ಹೊನ್ನಾವರ, ಭಟ್ಕಳದ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಬಂಪರ್ ಮೇಲಿಂದ ನೀರು ಹರಿಯುತ್ತಿದ್ದರೆ ಅದರ ನಡುವೆ ಒಂದು ಕಾಲನ್ನು ಗುರುತಿಸೋದು ಸುಲಭವಲ್ಲ. ಮಳೆಗೆ ತಕ್ಕಂತೆ ಸೆನ್ಸರ್ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಸೂಕ್ಷ್ಮತೆ ತಗ್ಗಿಸುತ್ತದೆ. ಆಗ ನಿಜವಾದ ಕಾಲೂ ತಪ್ಪಿಹೋಗುತ್ತದೆ. ಅಂದರೆ ಕೈಯಲ್ಲಿ ಕೊಡೆ ಇದ್ದು ಈ ಸೌಲಭ್ಯ ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಹೆದ್ದಾರಿಯ ಕೆಂಪು ಕೆಸರು ಬಂಪರ್ ಕೆಳಗೆ ಮೆತ್ತಿಕೊಂಡು ನಿಂತರೂ ಅಷ್ಟೇ. ಬೈತಖೋಲ ಬಂದರಿನ ಕಡೆ ದಿನಾ ಓಡಾಡುವ ಗಾಡಿಗಳಿಗೆ ಉಪ್ಪಿನಂಶದ ತೇವ ಬೇರೆ. ಅದು ವೈರಿನ ಕನೆಕ್ಟರುಗಳನ್ನು ನಿಧಾನಕ್ಕೆ ತಿನ್ನುತ್ತದೆ. ಗೀರು ಬೀಳಬಾರದೆಂದು ಹಿಂದಿನ ಬಂಪರಿಗೆ ಸ್ಟೀಲ್ ಗಾರ್ಡ್ ಹಾಕಿಸಿಕೊಳ್ಳುವವರು ಸೆನ್ಸರಿನ ಮುಂದೆ ತಾವೇ ಲೋಹದ ಗೋಡೆ ಕಟ್ಟಿಕೊಂಡಂತೆ.

ಉಲ್ಟಾ ತೊಂದರೆಯೂ ಇದೆ. ಕೀ ಜೇಬಲ್ಲಿಟ್ಟುಕೊಂಡು ಪೈಪ್ ಹಿಡಿದು ಹಿಂಬದಿ ತೊಳೆಯುವಾಗ ನೀರಿನ ಹೊಡೆತವನ್ನೇ ಕಾಲು ಅಂದುಕೊಂಡು ಡಿಕ್ಕಿ ತೆರೆಯಬಹುದು. ಒಳಗಿನ ಅಡಿಕೆ ಚೀಲ ಒದ್ದೆ. ತೊಳೆಯುವ ಮುಂಚೆ ಕೀಯನ್ನು ದೂರ ಇಡಿ, ಇಲ್ಲವೇ ಸೆಟ್ಟಿಂಗ್‌ನಲ್ಲಿ ಕಾಲಿನ ಸನ್ನೆ ಆಫ್ ಮಾಡಿ.

ಶಿರಸಿ, ಸಿದ್ದಾಪುರ ಕಡೆಯ ತಗ್ಗು ಹಂಚಿನ ಮಾಡಿನ ಕೆಳಗೆ ಕಾರು ನಿಲ್ಲಿಸುವವರಿಗೆ ಬೇರೆ ತಲೆನೋವು. ಮೇಲೇಳುವ ಬಾಗಿಲಿಗೆ ತಲೆಯ ಮೇಲಿನ ಪಕಾಸಿ ಕಾಣೋದಿಲ್ಲ. ಅಡ್ಡ ಏನೋ ಇದೆ ಅಂತ ಗೊತ್ತಾಗೋದು ಸಾಮಾನ್ಯವಾಗಿ ತಾಗಿದ ಮೇಲೆಯೇ. ಮೋಟರ್ ತಿರುಗುವ ವೇಗ ತಗ್ಗಿದಾಗ ಅದು ನಿಲ್ಲುತ್ತದೆ ಅಥವಾ ಹಿಂದೆ ಸರಿಯುತ್ತದೆ. ಅಷ್ಟರಲ್ಲಿ ಬಣ್ಣ ಹೋಗಿರುತ್ತದೆ. ಬಹಳ ಕಾರುಗಳಲ್ಲಿ ಬಾಗಿಲನ್ನು ಬೇಕಾದ ಎತ್ತರಕ್ಕೆ ನಿಲ್ಲಿಸಿ, ಅದರ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಆ ಎತ್ತರ ನೆನಪಿಡುತ್ತದೆ. ಮುಚ್ಚುವಾಗಲೂ ಕೆಲಸ ಮಾಡೋದು ಇದೇ ತಾಗಿ ತಿಳಿಯುವ ಬುದ್ಧಿ. ಮಕ್ಕಳ ಬೆರಳಿನ ವಿಷಯದಲ್ಲಿ ನಾನಂತೂ ಅದನ್ನು ನಂಬುವುದಿಲ್ಲ. ಮುಚ್ಚೋಕೆ ಕೈ ಬಳಸಿ, ಕಣ್ಣು ಅಲ್ಲೇ ಇರಲಿ.

ಇನ್ನು ಕೀಯ ಬ್ಯಾಟರಿ ಸತ್ತರೆ ಈ ಜಾಣ್ಮೆಯೆಲ್ಲ ಅಲ್ಲಿಗೆ ನಿಂತಿತು. ಆಗ ಬೇಕಾಗೋದು ಕೀಯೊಳಗೆ ಅಡಗಿರುವ ಸಣ್ಣ ಲೋಹದ ಕೀ. ಅದು ಹೋಗುವ ತೂತು ಡ್ರೈವರ್ ಬಾಗಿಲ ಹಿಡಿಯ ಬಳಿ ಇರುತ್ತದೆ, ಹಲವು ಕಾರುಗಳಲ್ಲಿ ಮುಚ್ಚಳದ ಕೆಳಗೆ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಕರಾವಳಿಯ ಉಪ್ಪುಗಾಳಿಗೆ ಒಳಗೇ ತುಕ್ಕು ಹಿಡಿದು ಕೀ ತಿರುಗೋದೇ ಇಲ್ಲ. ಮಳೆಗಾಲ ಶುರುವಾಗುವ ಮುಂಚೆ ಒಂದು ಸಲ ಹಾಕಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಗ್ಯಾರೇಜಿನಲ್ಲಿ ಹೇಳಿ ಬೀಗಕ್ಕೆ ಹಾಕುವ ಸ್ಪ್ರೇ ಹೊಡೆಸಿ.