ಬಿಪಿ ನಾರ್ಮಲ್ ಬಂದರೆ ಮಾತ್ರೆ ಬಿಡಬೇಡಿ, ದುಡ್ಡನ್ನೂ ನಿಲ್ಲಿಸಬೇಡಿ

ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆ ಸೇರಿದರೆ ಮೊದಲ ಬೇಡಿಕೆ ಇನ್ನೊಂದು ಡಯಾಲಿಸಿಸ್ ಯಂತ್ರ. ಅದು ತಪ್ಪಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಕೈಗೆ ಸೂಜಿ ಹಾಕಿಸಿಕೊಂಡು ಮಲಗುವವರ ಕಷ್ಟ ನಾನು ದಿನಾ ನೋಡುತ್ತೇನೆ. ಆದರೆ ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಮುಗಿದಿದೆ ಅಂತ ಅಲ್ಲಿ ಯಾರೂ ದನಿ ಎತ್ತುವುದಿಲ್ಲ. ಕಿಡ್ನಿ ಕೈಕೊಡಲು ದೊಡ್ಡ ಕಾರಣಗಳೇ ಸಕ್ಕರೆ ಕಾಯಿಲೆ ಮತ್ತು ಬಿಪಿ. ಎಲ್ಲರಿಗೂ ಅವೇ ಕಾರಣ ಅಂತಲ್ಲ, ಕಲ್ಲು, ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯೂ ಇರುತ್ತವೆ.

ಬಿಪಿ, ಸಕ್ಕರೆಯಂಥ ಕಾಯಿಲೆಗಳನ್ನು ನೋಡುವ ನಮ್ಮ ಎನ್‌ಸಿಡಿ ಕ್ಲಿನಿಕ್‌ನಲ್ಲಿ ನನಗೆ ಸಾಕಾಗಿ ಹೋಗಿರುವ ಮಾತು ಒಂದಿದೆ. "ಬಿಪಿ ನಾರ್ಮಲ್ ಬಂತಲ್ಲ ಡಾಕ್ಟ್ರೇ, ಅದಕ್ಕೇ ಮಾತ್ರೆ ಬಿಟ್ಟೆ." ನಾರ್ಮಲ್ ಬಂದಿದ್ದೇ ಮಾತ್ರೆಯಿಂದ ಅಲ್ವಾ? ಮಾತ್ರೆ ಬಿಟ್ಟರೆ ಬಿಪಿ ಮತ್ತೆ ಏರುತ್ತದೆ. ಬಹಳಷ್ಟು ಜನರಿಗೆ ತಲೆನೋವೂ ಇರುವುದಿಲ್ಲ, ಸುಸ್ತೂ ಇರುವುದಿಲ್ಲ. ಹಾಗಾಗಿ ಏರಿದ್ದು ಗೊತ್ತೇ ಆಗುವುದಿಲ್ಲ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಾತ್ರೆ ಶೀಟು ತೋರಿಸಿದರು. ನಾಲ್ಕೇ ಖಾಲಿ. "ತಲೆ ತಿರುಗಿದ ದಿನ ಮಾತ್ರ ನುಂಗ್ತೀನಪ್ಪ, ಸುಮ್ನೆ ಯಾಕೆ ಸರ್ಕಾರದ ಮಾತ್ರೆ ಹಾಳು ಮಾಡ್ಲಿ?" ಬೈಯಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಮೊದಲಿನಿಂದ ಹೇಳಿದೆ.

ದುಡ್ಡು ಹಂಚುವವರೂ ಅಜ್ಜಿಯ ಲೆಕ್ಕವನ್ನೇ ಹಾಕಿದರೆ ನನಗೆ ಸಿಟ್ಟು ಬರುತ್ತದೆ. ಈ ವರ್ಷ ಡೆಂಗಿ ಕಡಿಮೆ, ಸೊಳ್ಳೆಯ ಲಾರ್ವಾ ಹುಡುಕುವವರಿಗೆ ಸಂಬಳ ಯಾಕೆ ಅನ್ನುತ್ತಾರೆ. ಮನೆಮನೆಗೆ ಹೋಗಿ ಡ್ರಮ್ಮು, ತೊಟ್ಟಿ ಖಾಲಿ ಮಾಡಿಸಿದವರು ಅವರೇ ಅಲ್ವಾ? ಆರೋಗ್ಯದ ದುಡ್ಡಿನಲ್ಲಿ ಮೂರನೇ ಎರಡು ಭಾಗ ಅಥವಾ ಅದಕ್ಕಿಂತ ಜಾಸ್ತಿ ಪ್ರಾಥಮಿಕ ಆರೋಗ್ಯಕ್ಕೆ ಹೋಗಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವ ಕಾರ್ಡು ಎಲ್ಲರಿಗೂ ಗೊತ್ತು. ಜನೌಷಧಿಯಲ್ಲಿ ಆಮ್ಲೋಡಿಪಿನ್ ಅನ್ನುವ ಒಂದು ಬಿಪಿ ಮಾತ್ರೆಗೆ ಒಂದು ರೂಪಾಯಿಯೂ ಆಗುವುದಿಲ್ಲ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ತಡೆಗಟ್ಟುವ ಪ್ರತಿ ಕೆಲಸವೂ ದುಡ್ಡು ಉಳಿಸುತ್ತದೆ ಅಂತ ನಾನು ಹೇಳುವುದಿಲ್ಲ. ಏನೂ ತೊಂದರೆ ಇಲ್ಲದವರಿಗೆಲ್ಲ ಫುಲ್ ಬಾಡಿ ಚೆಕಪ್ ಮಾಡಿಸುವುದು ನನ್ನ ಮಟ್ಟಿಗೆ ದಂಡ. ಮಾತ್ರೆ ಕಡಿಮೆ ಮಾಡುವುದಿದ್ದರೂ ನಿಮ್ಮನ್ನು ನೋಡುವ ಡಾಕ್ಟರೇ ಹೇಳಬೇಕು. ಆದರೆ ಬಿಪಿ, ಸಕ್ಕರೆ ಇರುವವರು ಕಿಡ್ನಿ ಹೇಗಿದೆ ಅಂತ ತಿಳಿಯಲು ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ನಿಮ್ಮ ಪಿಎಚ್‌ಸಿಯಲ್ಲಿ ಆ ಟೆಸ್ಟ್ ಆಗುವುದಿಲ್ಲ ಅಂದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನೇ ಕೇಳಿ.